ಗೆರೆ ಇದ್ದ ಸಿಪಿಲೆ

“ಸಿಪಿಲೆ ಎರಡು ಬಗೆಯಂತೆ! ಇರೋದು ಒಂದೇ ಬಗೆ,” ಎನ್ನುತ್ತ ತರಗತಿಯ ಮಾನಿಟರ್ ಹಕ್ಕಿಗಳ ಪಟ್ಟಿಯ ಕೊನೆಯ ಸಾಲಿನ ಮೇಲೆ ಕೆಂಪು ಗೀಟು ಎಳೆದ.

ಆ ಸಾಲು ಬರೆದವಳು ಕತ್ತರಿ. ಅಪ್ಪನದು ಸಲೂನ್ ಆದ್ದರಿಂದ ತರಗತಿಯವರು ಇಟ್ಟ ಹೆಸರು ಅದು. ಶಾಲೆಯ ನಲ್ಲಿಯ ಬಳಿ ಬಾಲ ಕುಣಿಸುವ ಸಿಪಿಲೆ ಹಕ್ಕಿಗಳನ್ನು ಅವಳು ಒಂದು ವಾರ ನೋಡಿದ್ದಳು. ಅಂದು ಊಟದ ಬಿಡುವು ಮುಗಿಯುವ ಬೆಲ್ ಹೊಡೆದೊಡನೆ ಪಟ್ಟಿ ಪಕ್ಷಿ ಸಂಘಕ್ಕೆ ಹೋಗಲಿತ್ತು.

“ಸರ್, ಕೆಲವಕ್ಕೆ ಕಣ್ಣಿನಿಂದ ಹಿಂದಕ್ಕೆ ಕಪ್ಪು ಗೆರೆ ಇದೆ. ಉಳಿದವಕ್ಕೆ ಇಲ್ಲ,” ಎಂದಳು ಕತ್ತರಿ ಮೇಷ್ಟ್ರಿಗೆ.

“ಗೆರೆ ಅಲ್ಲ ಸರ್, ಕೆಸರು! ಮುಖ ತೊಳ್ಕೊಂಡಿಲ್ಲ, ಇವಳ ಹಾಗೇ!” ಎಂದ ಮಾನಿಟರ್. ತರಗತಿ ಘೊಳ್ಳೆಂದಿತು.

ಮೇಷ್ಟ್ರು ನಗಲಿಲ್ಲ. “ಗೆರೆ ಇರೋದು ಗಂಡು, ಇಲ್ಲದ್ದು ಹೆಣ್ಣು ಇರ್ಬೇಕಮ್ಮ. ಊಟದ ಬಿಡುವಿನಲ್ಲಿ ತೋರ್ಸು. ಎರಡು ಬಗೆ ಅಂತ ತೋರ್ಸಿದ್ರೆ ಬರ್ಕೊಳ್ಳೋಣ.”

ಕತ್ತರಿ ಊಟದ ಡಬ್ಬಿ ತೆರೆಯಲಿಲ್ಲ. ತೀರಿಹೋದ ಅಜ್ಜಿಯ ಬೈನಾಕ್ಯುಲರ್ ಹಿಡಿದು ನಲ್ಲಿಯ ಎದುರು ಬೋರಲಾಗಿ ಮಲಗಿದಳು. ಒಂದರ ಬೆನ್ನು ಕಪ್ಪಗೆ, ಒಂದರದು ಬೂದು. ಒಂದರ ಎದೆಯ ಪಟ್ಟಿ ಅಗಲ, ಒಂದರದು ಸಣ್ಣ. ತಲೆ ಗಿರ್ರೆಂದಿತು.

ಅಂಗಡಿಗೆ ಬರುವ ಅವಳಿ ಹುಡುಗರನ್ನು ಅಪ್ಪ ಎಂದೂ ತಪ್ಪು ಹೆಸರಿನಿಂದ ಕರೆಯುತ್ತಿರಲಿಲ್ಲ. “ದೇವರು ಅಚ್ಚು ಒತ್ತಿ ಮಾಡಲ್ಲ ಮಗಳೇ, ಒಬ್ಬೊಬ್ರನ್ನೂ ಕೈಯಲ್ಲೇ ಮಾಡ್ತಾನೆ. ಕೂದಲು ಬೆಳೆಯುತ್ತೆ, ಬಣ್ಣ ಮಾಸುತ್ತೆ. ನೆತ್ತಿ ಸುಳಿ ಮಾತ್ರ ಹಾಗೇ ಇರುತ್ತೆ. ಬದಲಾಗದೆ ಇರೋದನ್ನ ನೋಡು,” ಎನ್ನುತ್ತಿದ್ದ.

ಕತ್ತರಿ ಬೆನ್ನು ಬಿಟ್ಟಳು, ಎದೆ ಬಿಟ್ಟಳು. ಕಣ್ಣನ್ನಷ್ಟೇ ನೋಡಿದಳು. ಗೆರೆ ಇದ್ದದ್ದೊಂದು ನೀರಿಗಿಳಿದು ಪಟಪಟನೆ ರೆಕ್ಕೆ ಬಡಿದು ಮಿಂದಿತು. ಮೈ ಕೊಡವಿ ಮೇಲೆ ಬಂದಾಗಲೂ ಗೆರೆ ಇತ್ತು!

“ಸರ್, ಬನ್ನಿ! ಕೆಸರಲ್ಲ, ಸ್ನಾನ ಮಾಡಿದ್ರೂ ಹೋಗಿಲ್ಲ! ಗೆರೆ ಇರೋದ್ರಲ್ಲೇ ಒಂದರ ನೆತ್ತಿ ಕಪ್ಪು, ಒಂದರದು ಬೂದು. ಇಲ್ಲದ್ರಲ್ಲೂ ಹಾಗೇ. ಕಪ್ಪು ನೆತ್ತಿ ಗಂಡು, ಬೂದು ನೆತ್ತಿ ಹೆಣ್ಣು ಅಂತ ಹಕ್ಕಿ ಪುಸ್ತಕದಲ್ಲಿದೆ. ಅಂದ್ರೆ ಗೆರೆ ಗಂಡಿಗೂ ಇದೆ, ಹೆಣ್ಣಿಗೂ ಇದೆ ಸರ್!”

ಮೇಷ್ಟ್ರು ಪ್ಯಾಂಟಿಗೆ ಮಣ್ಣಾಗುವುದನ್ನೂ ಲೆಕ್ಕಿಸದೆ ಮಂಡಿಯೂರಿದರು. ಬಹಳ ಹೊತ್ತು ನೋಡಿದರು. ಪುಸ್ತಕದ ಚಿತ್ರ ನೋಡಿದರು, ಮತ್ತೆ ಹಕ್ಕಿಯನ್ನು ನೋಡಿದರು.

“ಭಲೇ! ಜಾತಿ ಒಂದೇ, ಉಪಜಾತಿ ಎರಡು. ನಾನೇ ಎಡವಿದೆ ಕಣಮ್ಮ.” ಪಟ್ಟಿಯಲ್ಲಿ ಅವರೇ ಹೊಸ ಸಾಲು ಬರೆದು, ಪಕ್ಕದಲ್ಲಿ ಅವಳ ಹೆಸರನ್ನೂ ಬರೆದರು. ಮಕ್ಕಳು ಹೋ ಎಂದು ಕೂಗಿದರು; ಬೆದರಿ ಹಾರಿದ ಹಕ್ಕಿಗಳು ಸ್ವಲ್ಪದರಲ್ಲೇ ಮತ್ತೆ ಬಂದಿಳಿದವು. ಬೆಲ್ ಹೊಡೆಯಿತು, ಎಲ್ಲರೂ ಒಳಗೆ ಹೊರಟರು.

ಮಾನಿಟರ್ ಮಾತ್ರ ನಲ್ಲಿಯ ಹತ್ತಿರವೇ ನಿಂತಿದ್ದ. “ಎಲ್ಲೇ? ನಂಗೇನೂ ಕಾಣ್ತಿಲ್ಲ.”

ಅವನಿಗೆ ಹೇಳಲೆಂದು ಕತ್ತರಿ ಬೆಳಗಿನಿಂದ ಒಂದು ಚುರುಕಾದ ಮಾತು ಹೊಸೆದಿಟ್ಟಿದ್ದಳು. ಬಾಯಿ ತೆರೆದಳು. ಅವನು ಕಣ್ಣು ಕಿರಿದು ಮಾಡಿ ಇನ್ನೂ ಹುಡುಕುತ್ತಿದ್ದ. ಅವಳು ಬೈನಾಕ್ಯುಲರನ್ನು ಅವನ ಕೈಗಿಟ್ಟು, ಭುಜ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದಳು.

“ಅಲುಗಾಡ್ಬೇಡ. ಕಣ್ಣನ್ನೇ ನೋಡು.”

“ಅಯ್ಯೋ, ಕಾಣಿಸ್ತು! ಕಾಣಿಸ್ತು ಕಣೇ!”

ಅವನ ಕೂಗಿಗೆ ಸಿಪಿಲೆಗಳೆಲ್ಲ ಭರ್ರನೆ ಹಾರಿದವು. ಇಬ್ಬರೂ ನಕ್ಕರು. ಹೊಸೆದಿಟ್ಟ ಮಾತು ಏನಿತ್ತೆಂದು ಕತ್ತರಿ ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.