ಕಾಡಿಗೆ ಯಾಕೆ ಕತ್ತು ತಿರುಗಿಸಿದಳು

"ಇದು ಜಾಕಿಗಳ ಬಟ್ಟೆ ಹೊಲಿಯೋ ಜಾಗ. ನಿಮಗೆ ಕುದುರೆ ಹತ್ತೋಕೆ ಬರುತ್ತಾ?"

"ಮೆಟ್ಟಿಲು ಹತ್ತೋಕೆ ಬರುತ್ತೆ," ಎಂದ ಅವನು. "ಆ ಟವರ್ ಹತ್ತಿ ಇಳಿದೇ ಗುಂಡಿ ಕಿತ್ತುಹೋಗಿದ್ದು."

ಅವಳು ಮಿಷನ್ನಿನಿಂದ ತಲೆ ಎತ್ತಿದಳು. ಬಿಳಿ ಅಂಗಿ. ಗುಂಡಿ ಇಲ್ಲದ ಕಡೆ ಎದೆಯನ್ನು ಒತ್ತಿ ಹಿಡಿದು ನಿಂತಿದ್ದ ಅವನ ಭಂಗಿ ನೋಡಿದರೆ ಯಾರಾದರೂ ಆಂಬುಲೆನ್ಸ್ ಕರೆಯಬೇಕು, ಹಾಗಿತ್ತು. ಅವಳಿಗೆ ನಗು ಬಂತು. ಆವತ್ತು ನಗು ತಡೆದುಕೊಂಡಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆದರೆ ಬಂದ ನಗುವನ್ನು ತಡೆದುಕೊಳ್ಳುವ ಪೈಕಿಯಲ್ಲ ಅವಳು.

ಕಪಾಟಿನ ಮೇಲಿಂದ ಒಂದು ಹಳೇ ತಗಡಿನ ಡಬ್ಬಿ ತೆಗೆದು ಅಲ್ಲಾಡಿಸಿದಳು. ಒಳಗೆ ಗುಂಡಿಗಳು ಗಲಗಲ ಎಂದವು. ಕೈ ಹಾಕಿ ಕೆಂಪುಗುಂಡಿ ಒಂದನ್ನು ಆರಿಸಿದಳು.

"ಬಿಳಿದು ಇಲ್ವಾ?"

"ಇದೆ. ಬಿಳಿದು ಹಾಕಿದ್ರೆ ಯಾರು ಹಾಕ್ಕೊಟ್ಟಿದ್ದು ಅಂತ ಸಂಜೆಯೊಳಗೆ ಮರೀತೀರಿ. ಅಲ್ಲಾಡಬೇಡಿ, ಕೈಯಲ್ಲಿ ಸೂಜಿ ಇದೆ."

ಅವನು ಅಲ್ಲಾಡಲಿಲ್ಲ. ಉಸಿರೂ ಆಡಲಿಲ್ಲ. ದಾರ ಕಚ್ಚಿ ಕತ್ತರಿಸಲು ಅವಳು ಬಗ್ಗಿದಾಗ ಅವನ ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದು ಅವಳ ಕಿವಿಗೇ ಕೇಳಿಸಿತು. ಮೆಟ್ಟಿಲು ಹತ್ತಿ ಬಂದದ್ದಕ್ಕೆ ಇರಬೇಕು ಅಂದುಕೊಂಡಳು. ಅವಳ ಕೋಣೆ ಇದ್ದದ್ದು ನೆಲಮಹಡಿಯಲ್ಲಿ.

ಅವನು ಹೊಸಬ. ಫೋಟೋ ಫಿನಿಶ್ ಕ್ಯಾಮೆರಾ ನೋಡಿಕೊಳ್ಳುವ ಕೆಲಸ. ಟವರಿನ ತುದಿಯ ಕತ್ತಲೆ ಕೋಣೆಯಲ್ಲಿ ಕೂತು, ಕುದುರೆಗಳು ಗೆರೆ ದಾಟುವಾಗ ಯಾರ ಮೂಗು ಮುಂದೆ ಎಂದು ಹೇಳಬೇಕು, ಅಷ್ಟೇ. ಇಡೀ ಓಟವನ್ನು ಅವನು ಒಂದು ಸಲವೂ ನೋಡಿದವನಲ್ಲ. ಊರಿಗೂ ಹೊಸಬ, ಬಾಡಿಗೆ ರೂಮಿನಲ್ಲಿ ಒಬ್ಬನೇ. ರೇಸ್ ಕೋರ್ಸಿನಲ್ಲಿ ಎಲ್ಲರೂ ಅವನನ್ನು 'ಮೂಗು' ಎಂದೇ ಕರೆಯುತ್ತಿದ್ದರು.

ಅವನಿಗಿದ್ದ ಒಂದೇ ಆಸೆ ಕಂಬದ ಗುಂಪಿಗೆ ಸೇರುವುದು.

ಕಂಬದ ಗುಂಪು ಎಂದರೆ ಪ್ರತಿ ಶನಿವಾರ ಗೆಲುವಿನ ಕಂಬದ ಪಕ್ಕದ ಬೆಂಚಿನಲ್ಲಿ ಕೂರುವ ಹಳೇ ಅಭಿಮಾನಿಗಳು. ರಿಟೈರಾದ ಪೋಸ್ಟ್‌ಮಾಸ್ಟರ್ ತಾತ, ಹಲ್ಲಿನ ಡಾಕ್ಟ್ರು, ಕಟಿಂಗ್ ಶಾಪಿನ ಅಣ್ಣ, ಮತ್ತೆ ಅವಳ ಅಪ್ಪ. ಇವರು ಟಿಕೆಟ್ ಕಟ್ಟುವುದಕ್ಕಿಂತ ಮಾತು ಕಟ್ಟುವುದೇ ಜಾಸ್ತಿ. ಅಲ್ಲಿ ಒಂದೇ ಕಾನೂನು: ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. ಸುಳ್ಳು ಪೋಣಿಸಿದವನಿಗೆ ಬೆಂಚಿನಲ್ಲಿ ಜಾಗವಿಲ್ಲ.

ಅವರ ಮಾತು ಎಲ್ಲಿ ಶುರುವಾದರೂ ಬಂದು ನಿಲ್ಲುತ್ತಿದ್ದದ್ದು ಕಾಡಿಗೆಯ ಹತ್ತಿರ. ಕಾಡಿಗೆ ಎಂದರೆ ಹಿಂದೊಂದು ಕಾಲದಲ್ಲಿ ಊರೇ ತಲೆ ಮೇಲೆ ಹೊತ್ತುಕೊಂಡಿದ್ದ ಕಪ್ಪು ಹೆಣ್ಣುಕುದುರೆ. ವರ್ಷದ ದೊಡ್ಡ ಓಟದಲ್ಲಿ ಎಲ್ಲರಿಗಿಂತ ಮುಂದಿದ್ದವಳು, ಕಂಬ ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಇದ್ದಕ್ಕಿದ್ದಂತೆ ಬೇಲಿಯ ಕಡೆ ಕತ್ತು ತಿರುಗಿಸಿ, ವೇಗ ಇಳಿಸಿ, ಸೋತುಹೋದಳು. ಯಾಕೆ?

"ಯಾರೋ ಪುಣ್ಯಾತ್ಮ ಕೊಡೆ ಬಿಚ್ಚಿದ. ನಾನು ನೋಡಿದೀನಿ," ಎನ್ನುವರು ತಾತ.

"ಕೊಡೆಯಲ್ಲ, ದವಡೆ ಹಲ್ಲು. ಕಡಿವಾಣ ತಾಗಿ ಜುಂ ಅಂದಿದೆ," ಎನ್ನುವರು ಡಾಕ್ಟ್ರು.

"ಮುಂದಲೆ ಕೂದಲು ಕಣ್ಣಿಗೆ ಹೊಡೀತು ಸ್ವಾಮಿ. ಹಿಂದಿನ ದಿನ ಕತ್ತರಿಸ್ಬೇಕಿತ್ತು," ಎನ್ನುವನು ಕಟಿಂಗ್ ಅಣ್ಣ.

ಆಮೇಲೆ ಎಲ್ಲರೂ ಅವಳ ಅಪ್ಪನ ಕಡೆ ತಿರುಗುವರು. ಕಾಡಿಗೆಗೆ ಮೇವು ಹಾಕಿ, ಮೈ ಉಜ್ಜಿ, ಮಗಳಂತೆ ಸಾಕಿದವನು ಅವನೇ. "ನೀನಾದ್ರೂ ಹೇಳಯ್ಯ." ಅಪ್ಪ ಮೀಸೆಯಲ್ಲೇ ನಕ್ಕು, "ಯಾರಿಗ್ಗೊತ್ತು ಬಿಡಿ, ಹೆಣ್ಣು ಮನಸ್ಸು," ಎನ್ನುವನು. ಮತ್ತೆ ಕೊಡೆಯಿಂದ ಶುರು.

'ಮೂಗು' ಇದನ್ನೆಲ್ಲ ಬೆಂಚಿನ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಕೂರು ಎಂದು ಯಾರೂ ಅನ್ನುತ್ತಿರಲಿಲ್ಲ.

ಕೂರಿಸಿಕೊಂಡವಳು ಅವಳು. ಗುಂಡಿ ಗಟ್ಟಿಯಾಗಿದ್ದರೂ ಅವನು ದಿನಾ ಬರತೊಡಗಿದ. ಕತ್ತರಿಸಿಟ್ಟ ಬಟ್ಟೆಗಳನ್ನು ಬಣ್ಣಕ್ಕೆ ತಕ್ಕಂತೆ ಜೋಡಿಸಿಕೊಡುವ ನೆಪ. ಹಸಿರು ಮೈಗೆ ಹಳದಿ ತೋಳು ಸೇರಿಸುವ ಬದಲು ಬೇರೆಯವರ ನೀಲಿ ತೋಳು ಕೊಟ್ಟು ಬೈಸಿಕೊಳ್ಳುವ.

"ಕಣ್ಣು ಎಲ್ಲಿಟ್ಟಿದ್ದೀರಿ?"

"ಹೇಳಿದ್ರೆ ಕತ್ತರಿ ತಗೊಂಡು ಬರ್ತೀರಿ."

ಅವಳು ಹುಬ್ಬು ಗಂಟಿಕ್ಕಿ ಮಿಷನ್ ತುಳಿಯುವಳು. ಹೊಲಿಗೆ ವಕ್ರ ಹೋಗುವುದು. ಅದನ್ನು ಬಿಚ್ಚಿ ಮತ್ತೆ ಹೊಲಿಯುವಾಗ ಅವನು ಪಕ್ಕದಲ್ಲಿ ಸುಮ್ಮನೆ ಕೂತಿರುವನು. ನೀವು ಹೋಗಿ ನೀನು ಯಾವಾಗ ಬಂತೋ ಇಬ್ಬರಿಗೂ ಗೊತ್ತಾಗಲಿಲ್ಲ. ಚಿಕ್ಕಂದಿನಲ್ಲೇ ಅಮ್ಮನನ್ನು ಕಳೆದುಕೊಂಡು, ಅಪ್ಪನೊಂದಿಗೆ ಲಾಯದ ಪಕ್ಕದ ಮನೆಯಲ್ಲಿ ಬೆಳೆದವಳು ಅವಳು. ತನ್ನ ಮಾತನ್ನು ಯಾರಾದರೂ ಇಷ್ಟು ಹೊತ್ತು ಕೂತು ಕೇಳುತ್ತಾರೆ ಎಂಬುದೇ ಅವಳಿಗೆ ಹೊಸ ಸುಖ.

ಒಂದು ಮಧ್ಯಾಹ್ನ ಅವನು ಡಬ್ಬಿ ಕೈಗೆತ್ತಿಕೊಂಡು ತಿರುವಿ ನೋಡಿದ. "ಎಷ್ಟು ನೆಗ್ಗಿದೆ! ಹೊಸದು ತಂದ್ಕೊಡ್ಲಾ?"

"ಮುಟ್ಟಬೇಡ. ಅದು ಕಾಡಿಗೆದು."

ಅಂದುಬಿಟ್ಟಳು. ಅಂದ ಮೇಲೆ ನಿಲ್ಲಿಸಲಾಗಲಿಲ್ಲ.

ಆ ಡಬ್ಬಿಯಲ್ಲೇ ಅಪ್ಪ ಕಾಡಿಗೆಗೆ ಕಾಳು ತರುತ್ತಿದ್ದದ್ದು. ಸದ್ದು ಕೇಳಿದರೆ ಸಾಕು, ಎಲ್ಲಿದ್ದರೂ ಕತ್ತು ತಿರುಗಿಸುತ್ತಿದ್ದಳು. ದೊಡ್ಡ ಓಟದ ದಿನ ಬೇಲಿಯ ಹತ್ತಿರ ನಿಂತಿದ್ದ ಅಪ್ಪನಿಗೆ ಅವಳ ಮುಂಗಾಲು ನೆಲಕ್ಕೆ ಬೀಳುವ ರೀತಿ ಸರಿಯಿಲ್ಲ ಎಂದು ಕಂಡಿತು. ಜಾಕಿಗೆ ಗೊತ್ತಾಗಿರಲಿಲ್ಲ. ಹಾಗೇ ಓಡಿದರೆ ಮೂಳೆ ಮುರಿಯುತ್ತಿತ್ತು, ಮುರಿದ ಕುದುರೆಯನ್ನು ಯಾರೂ ಉಳಿಸುತ್ತಿರಲಿಲ್ಲ. ಅಪ್ಪ ಡಬ್ಬಿ ಅಲ್ಲಾಡಿಸಿದ.

"ಗೆಲ್ಲೋ ಕುದುರೇನ ಸೋಲಿಸಿದ್ರು ಅಂತ ಗೊತ್ತಾಗಿದ್ರೆ ಜನ ಅಪ್ಪನ ಚರ್ಮ ಸುಲೀತಿದ್ರು. ಆಮೇಲೆ ನೋಡಿದ್ರೆ ಮೂಳೇಲಿ ಸಣ್ಣ ಬಿರುಕು ಇತ್ತಂತೆ. 'ಓಟ ಇನ್ನೊಂದು ಸಿಗುತ್ತೆ ಮಗಳೇ, ಕಾಲು ಸಿಗುತ್ತಾ?' ಅಂದಿದ್ರು, ಈ ಡಬ್ಬಿ ನನಗೆ ಕೊಡುವಾಗ. ನನಗೊಬ್ಬಳಿಗೇ ಹೇಳಿರೋದು."

ಅವನ ಕಣ್ಣಲ್ಲಿ ನೀರಿತ್ತು. ಅವಳ ಕೈ ಹಿಡಿದುಕೊಂಡ. ಯಾರಿಗೂ ಹೇಳಬೇಡ ಅಂತ ಆಣೆಗೀಣೆ ಹಾಕಿಸಿಕೊಳ್ಳುವುದು ಅವಳಿಗೆ ಹೊಳೆಯಲೇ ಇಲ್ಲ. ಕೈ ಹಿಡಿದವನ ಹತ್ತಿರ ಆಣೆ ಯಾರು ಕೇಳುತ್ತಾರೆ?

ಆ ಶನಿವಾರ ಕೊನೆಯ ಓಟ ಮುಗಿದ ಮೇಲೆ, ಮಂಡಿನೋವಿನ ಅಪ್ಪನನ್ನು ಮನೆಗೆ ಕರೆದುಕೊಂಡು ಹೋಗಲು ಅವಳು ಕಂಬದ ಹತ್ತಿರ ಬಂದಳು. ಬೆಂಚು ಸದ್ದಿಲ್ಲದೆ ಕೂತಿತ್ತು. ಮಧ್ಯದಲ್ಲಿ, ತಾತ ಮತ್ತು ಡಾಕ್ಟ್ರ ನಡುವೆ, ಅವನು.

"...ಡಬ್ಬಿ ಗಲಗಲ ಅಂತು. ಅಷ್ಟೇ! ಕಾಡಿಗೆ ಕತ್ತು ತಿರುಗಿಸಿದ್ಳು. ಓಟ ಇನ್ನೊಂದು ಸಿಗುತ್ತೆ, ಕಾಲು ಸಿಗುತ್ತಾ?"

ಅವಳ ಮಾತು. ಅವಳು ಎಲ್ಲಿ ತಡೆದು ನಿಂತಿದ್ದಳೋ ಅಲ್ಲೇ ಅವನೂ ತಡೆದು ನಿಂತ. ತಲೆ ಎತ್ತಿದವನು ಅವಳನ್ನು ಕಂಡು ಮುಖ ಅರಳಿಸಿ ನಕ್ಕ, ನೋಡು ಎಷ್ಟು ಚೆನ್ನಾಗಿ ಹೇಳಿದೆ ಎನ್ನುವ ಹಾಗೆ. ಆ ನಗುವನ್ನು ಅವಳಿಗೆ ಆಮೇಲೆ ಎಷ್ಟು ಪ್ರಯತ್ನಪಟ್ಟರೂ ಕ್ಷಮಿಸಲಾಗಲಿಲ್ಲ.

ತಾತ ಅಪ್ಪನ ಕಡೆ ತಿರುಗಿದರು. "ಹೌದೇನಯ್ಯಾ?"

ಅಪ್ಪ ಮಾತಾಡಲಿಲ್ಲ.

"ಇಷ್ಟು ವರ್ಷ ನಾವು ಕೊಡೆ, ಹಲ್ಲು ಅಂತ ಬಾಯಿ ಬಡ್ಕೊಳ್ತಿದ್ರೆ, ನೀನು ಒಳಗೊಳಗೇ ನಗ್ತಾ ಕೂತಿದ್ಯಾ?"

"ಗಡ್ಡ ತೆಗೆಯುವಾಗ ಕತ್ತನ್ನೇ ನನ್ನ ಕೈಗೆ ಕೊಡ್ತಿದ್ದೆ. ಈ ಮಾತು ಕೊಡೋಕಾಗ್ಲಿಲ್ವಾ?" ಎಂದು ಕಟಿಂಗ್ ಅಣ್ಣ ಎದ್ದೇಬಿಟ್ಟ. ಡಾಕ್ಟ್ರು ಕನ್ನಡಕ ಒರೆಸುತ್ತ ಬೇರೆಲ್ಲೋ ನೋಡಿದರು.

ಅಪ್ಪ ಯಾರನ್ನೂ ನೋಡಲಿಲ್ಲ. ಮಗಳನ್ನು ನೋಡಿದ. ಹೇಳಿದವನಿಗೆ ಹೇಳಿಕೊಟ್ಟವಳು ಯಾರೆಂದು ಅವನಿಗೆ ಗೊತ್ತಿತ್ತು.

ಮನೆಗೆ ಬಂದು ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. "ಹುಡುಗ ಒಳ್ಳೆಯವನು ಅಂದ್ಕೊಂಡಿದ್ದೆ," ಎಂದ, ಅಷ್ಟೇ. ಮುಂದಿನ ಶನಿವಾರ ಬೂಟಿಗೆ ಪಾಲಿಶ್ ಹಾಕಿ, ಹಾಕಿಕೊಂಡು, ಸ್ವಲ್ಪ ಹೊತ್ತು ಕೂತು, ಮತ್ತೆ ಬಿಚ್ಚಿಟ್ಟ. ದೂರದ ಮೈಕಿನಲ್ಲಿ ಓಟದ ವಿವರ ಕೇಳಿಸುತ್ತಿತ್ತು. ಅಪ್ಪ ಎದ್ದು ಕಿಟಕಿ ಹಾಕಿದ.

ಅವನು ಅವಳ ಕೋಣೆಗೆ ಬಂದಾಗ ಅವಳು ತಲೆ ಎತ್ತಲಿಲ್ಲ. ಮಿಷನ್ ತುಳಿಯುತ್ತಲೇ ಇದ್ದಳು, ಬಟ್ಟೆ ಮುಗಿದು ಬರೀ ಸೂಜಿ ಓಡುತ್ತಿದ್ದರೂ.

"ನಿಮ್ಮಪ್ಪ ಎಂಥ ದೊಡ್ಡ ಮನುಷ್ಯ ಅಂತ ಅವರಿಗೆ ಗೊತ್ತಾಗ್ಲಿ ಅಂತ ಹೇಳ್ದೆ. ಹೊಗಳಿದ್ದು ಕಣೇ."

"ಸುಳ್ಳು. ಎಲ್ರೂ ನಿನ್ನ ಬಾಯಿ ನೋಡ್ಲಿ ಅಂತ ಹೇಳ್ದೆ."

ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ಹೌದು," ಎಂದ ಕೊನೆಗೆ. "ಕೂರು ಅಂದ್ರು. ಅಷ್ಟು ದಿನ ಹಿಂದೆ ನಿಂತಿದ್ದವನಿಗೆ, ಬಾರಯ್ಯ ಕೂರು, ನೀನೂ ಏನಾದ್ರೂ ಹೇಳು ಅಂದ್ರು. ನನ್ನ ಹತ್ರ ಏನಿತ್ತು ಹೇಳೋಕೆ? ಬರೀ ಮೂಗು. ನನ್ನ ಮಾತನ್ನ ಯಾರೂ ಯಾವತ್ತೂ ಹಾಗೆ ಕೂತು ಕೇಳಿರ್ಲಿಲ್ಲ."

"ನಾನು ಕೇಳ್ತಿರ್ಲಿಲ್ವಾ?"

ಅವಳು ಮಿಷನ್ ಇನ್ನೂ ಜೋರಾಗಿ ತುಳಿದಳು. ಸಿಟ್ಟಿಗೋ, ದುಃಖಕ್ಕೋ, ಹಾಳಾದ ಪ್ರೀತಿಗೋ.

"ನಿನ್ನನ್ನ ಪ್ರೀತಿಸ್ತೀನಿ," ಎಂದ ಅವನು. "ಅದು ಸುಳ್ಳಲ್ಲ."

ಈ ಮಾತಿಗಾಗಿ ಅವಳು ಎಷ್ಟು ಮಧ್ಯಾಹ್ನ ಕಾದಿದ್ದಳು! ಬರಬಾರದ ಹೊತ್ತಿನಲ್ಲಿ ಬಂತಲ್ಲ.

"ಹಾಗಾದ್ರೆ ಶನಿವಾರ ಹೋಗಿ ಹೇಳು, ಅದೆಲ್ಲಾ ನಾನೇ ಕಟ್ಟಿದ ಕಥೆ ಅಂತ. ಅಪ್ಪ ಯಾವ ಡಬ್ಬೀನೂ ಅಲ್ಲಾಡಿಸಿಲ್ಲ ಅಂತ."

"ಸುಳ್ಳ ಅಂತ ಹೊರಗೆ ಹಾಕ್ತಾರೆ. ಮತ್ತೆ ಆ ಬೆಂಚಿನ ಹತ್ರಾನೂ ಸೇರಿಸಲ್ಲ."

"ಗೊತ್ತು."

"ಹೇಳಿದ್ರೆ... ನಾವಿಬ್ರೂ?"

ಅವಳು ಸೂಜಿಯ ಕೆಳಗೆ ಹೊಸ ಬಟ್ಟೆ ತಳ್ಳಿದಳು. ಅವನು ಮತ್ತೆ ಕೇಳದೆ ಹೊರಟ.

ಶನಿವಾರ ಅಪ್ಪನನ್ನು ಅವಳು ಜುಲುಮೆಯಿಂದ ಹೊರಡಿಸಿದಳು. "ಬೂಟು ಬಿಚ್ಚಿದ್ರೆ ನೋಡು," ಎಂದು ತಾಯಿಯ ಹಾಗೆ ಗದರಿದಳು. ಕಂಬದ ಹತ್ತಿರ ಮೂವರೂ ಕೂತಿದ್ದರು, ಆದರೆ ಮಾತಿರಲಿಲ್ಲ. ಪಾಪ, ಏನು ಮಾತಾಡಬೇಕು? ಇದ್ದ ಒಂದು ಜಗಳವೂ ಬಗೆಹರಿದುಹೋಗಿತ್ತು. ಡಾಕ್ಟ್ರು ಆಕಳಿಸುತ್ತಿದ್ದರು.

ಅವನು ಬಂದು ಬೆಂಚಿನ ಮುಂದೆ ನಿಂತ. ಎದೆಯ ಮೇಲೆ ಕೆಂಪು ಗುಂಡಿ.

"ಡಬ್ಬಿ ಕಥೆ ಸುಳ್ಳು. ನಾನೇ ಹೊಸೆದದ್ದು. ನಿಮ್ಮ ಜೊತೆ ಕೂರ್ಬೇಕು ಅಂತ ಹೇಳ್ಬಿಟ್ಟೆ."

ಒಂದು ಕ್ಷಣ ಎಲ್ಲರೂ ಬೆಪ್ಪಾದರು. ಆಮೇಲೆ ತಾತ ಹೋದ ಜೀವ ಬಂದವರಂತೆ ಎದ್ದು ನಿಂತರು. "ನಾನು ಹೇಳ್ಲಿಲ್ವಾ! ಕೊಡೆ! ಕೊಡೇನೇ!"

"ಅಲ್ಲಾ ಸ್ವಾಮಿ, ಹಲ್ಲು!"

"ನಡಿಯೋ ಸುಳ್ಳ," ಎಂದು ಕಟಿಂಗ್ ಅಣ್ಣ ಅವನ ಹೆಗಲು ಹಿಡಿದು ತಳ್ಳಿದ. "ದೇವರಂಥ ಮನುಷ್ಯನ ಮೇಲೆ ಕಥೆ ಕಟ್ತೀಯಾ? ಇನ್ನೊಂದ್ಸಲ ಈ ಕಡೆ ಕಾಣಿಸ್ಕೊಂಡ್ರೆ ಒಣ ಬ್ಲೇಡಲ್ಲಿ ತಲೆ ಬೋಳಿಸ್ತೀನಿ."

"ಅಲ್ಲಯ್ಯಾ, ಆವತ್ತೇ ಸುಳ್ಳು ಅಂತ ಯಾಕೆ ಹೇಳ್ಲಿಲ್ಲ ನೀನು?" ಎಂದು ತಾತ ಅಪ್ಪನ ಕೈ ಹಿಡಿದರು.

ಅಪ್ಪ ಅವನನ್ನು ನೋಡಿದ. ಅವನು ನೆಲ ನೋಡುತ್ತಿದ್ದ. "ನೀವೆಲ್ಲ ಅಷ್ಟು ಬೇಗ ನಂಬಿಬಿಟ್ರಲ್ಲ," ಎಂದ ಅಪ್ಪ ನಿಧಾನವಾಗಿ, "ಅದಕ್ಕೇ ಮಾತು ಹೊರಡ್ಲಿಲ್ಲ."

ಮೂವರೂ ನಾಚಿ ನೀರಾಗಿ ಅಪ್ಪನಿಗೆ ಜಾಗ ಮಾಡಿಕೊಟ್ಟರು. ಅಪ್ಪನಿಗೆ ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನಗು ಬಂತು, ಹಿಂದೆಯೇ ಅಳುವೂ ಬಂತು. ಅಲ್ಲಿ ಕೂತು ನಿಜ ಹೇಳಿದವನು, ಸುಳ್ಳು ಹೇಳಿ ಹೊರಬಿದ್ದವನು, ಇಬ್ಬರೂ ಒಬ್ಬನೇ.

ಸಂಜೆ ಅವನು ಅವಳ ಬಾಗಿಲಿಗೆ ಬಂದ. ಅಂಗಿಯಲ್ಲಿ ಮತ್ತೆ ಗುಂಡಿಯ ಜಾಗ ಖಾಲಿ. ಅಂಗೈಯಲ್ಲಿ ಕೆಂಪು ಗುಂಡಿ, ದಾರದ ತುಣುಕಿನ ಸಮೇತ.

"ಬೇರೆ ಊರಿನ ಟವರಿಗೆ ಹೋಗ್ತೀನಿ ಅಂತ ಬರೆದುಕೊಟ್ಟೆ. ಇಲ್ಲೇ ಇರು ಅಂದ್ರೆ ಇರ್ತೀನಿ."

ಅವಳು ಅವನನ್ನು ಪೂರ್ತಿ ನೋಡಿದಳು. ಅದೇ ಕಣ್ಣು, ಅದೇ ಅಂಗಿ. ಪ್ರೀತಿ ಎಲ್ಲಿಗೂ ಹೋಗಿರಲಿಲ್ಲ. ಅದೇ ತೊಂದರೆಯಾಗಿತ್ತು.

"ನೀನು ಇದ್ರೆ ನಾನು ಮತ್ತೆ ಮಾತಾಡ್ತೀನಿ," ಎಂದಳು. "ಮಾತಾಡ್ತಾ ಮಾತಾಡ್ತಾ, ಇದು ನಾಳೆ ಯಾವ ಬೆಂಚಿನ ಮೇಲೆ ಹೋಗಿ ಕೂರುತ್ತೋ ಅಂತ ಅರ್ಧಕ್ಕೆ ನಿಲ್ಲಿಸ್ತೀನಿ. ನಿನ್ನ ಹತ್ರ ಅಳೆದು ತೂಗಿ ಮಾತಾಡೋದು ನನ್ನ ಕೈಲಾಗಲ್ಲ ಕಣೋ. ಹೋಗು."

ಅವನು ಗುಂಡಿಯನ್ನು ಮೇಜಿನ ಮೇಲಿಟ್ಟ. ಓಟದ ಅಂಗಳದ ಉದ್ದಕ್ಕೂ, ಬೇಲಿಯ ಪಕ್ಕದಲ್ಲಿ, ಗೇಟಿನ ಕಡೆ ನಡೆದ.

ಅವಳು ಡಬ್ಬಿ ತೆಗೆದು ಕೆಂಪು ಗುಂಡಿಯನ್ನು ಒಳಗೆ ಹಾಕಿದಳು. ಕಿಟಕಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು. ಕಂಬದ ಕಡೆಯಿಂದ ಅಪ್ಪನ ದನಿ ಬಂತು, "ಯಾರಿಗ್ಗೊತ್ತು ಬಿಡಿ!" ಅದರ ಹಿಂದೆ ಎಲ್ಲರ ನಗು. ನಗು ಕೇಳಿ ಅವನ ನಡಿಗೆ ಸ್ವಲ್ಪ ನಿಧಾನವಾಯಿತು.

ಡಬ್ಬಿ ಅವಳ ಕೈಯಲ್ಲೇ ಇತ್ತು. ಒಂದು ಸಲ ಅಲ್ಲಾಡಿಸಿದರೆ ಸಾಕು, ಅವನು ಕತ್ತು ತಿರುಗಿಸುತ್ತಾನೆ. ಓಡಿ ಬರುತ್ತಾನೆ. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು.

ಅವಳು ಡಬ್ಬಿಯೊಳಗೆ ಅಂಗೈ ಇಟ್ಟು ಗುಂಡಿಗಳನ್ನು ಒತ್ತಿ ಹಿಡಿದಳು, ಸದ್ದಾಗದಂತೆ. ಅವನು ಗೇಟು ದಾಟುವವರೆಗೂ ಹಾಗೆಯೇ ಹಿಡಿದುಕೊಂಡು ನಿಂತಿದ್ದಳು.