ಒರಿಜಿನಲ್ ಪೈಪು

"ಬ್ಯಾಡ್ರಿ ಕಾಕೂ!"

ಅವಧೂತನ ತಾಯಿಯ ಕೈಯಿಂದ ಕಡ್ಡಿಪೆಟ್ಟಿಗೆ ಕಿತ್ತುಕೊಂಡೆ. ಆರತಿ ತಟ್ಟೆ ವಾಲಿ, ಕುಂಕುಮವೆಲ್ಲ ಕಾರಿನ ಬಾನೆಟ್ ಮೇಲೆ ಚೆಲ್ಲಿತು.

ಖಂಡೇನವಮಿಯ ಬೆಳಿಗ್ಗೆ. ಪುಣೆಯ ಮಗರಪಟ್ಟಾದ ಅವರ ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಮಗನ ಕಾರಿಗೆ ಪೂಜೆ. ನನ್ನನ್ನೂ ಕರೆದಿದ್ದರು. ಮಧ್ಯಾಹ್ನ ನನ್ನ ಅಪ್ಪ ಅಮ್ಮ ಊಟಕ್ಕೆ ಬರುವವರಿದ್ದರು, ನಮ್ಮಿಬ್ಬರ ಮದುವೆಯ ಮಾತಿಗೆ.

"ಏನಾತವ್ವಾ?" ಅನುಸೂಯಾ ಕಾಕು ಗಾಬರಿಯಾದರು.

"ಪೆಟ್ರೋಲ್ ವಾಸನಿ ಬರಾಕತ್ತದ್ರಿ. ಕರ್ಪೂರ ಹಚ್ಚಬ್ಯಾಡ್ರಿ."

ಅವಧೂತ ಕರ್ಚೀಫು ತೆಗೆದು, ಕೂಸಿನ ಕೆನ್ನೆ ಒರೆಸುವಂತೆ ಕುಂಕುಮ ಒರೆಸತೊಡಗಿದ. ಆ ಮೆದು ಬೆರಳುಗಳನ್ನು ಎಷ್ಟು ಮೆಚ್ಚಿದ್ದೆ! ಈಗ ಮೈ ಉರಿಯಿತು.

"ಹಳೇ ಗಾಡಿ ಅಂದ್ರ ವಾಸನಿ ಇರೂದs, ಶೈಲಾ. ಈಕಿ ಲಿಫ್ಟಿಗೂ ಹೆದರತಾಳವ್ವಾ," ಎಂದು ನಗುತ್ತ ತಾಯಿಯತ್ತ ಕಣ್ಣು ಮಿಟುಕಿಸಿದ.

ಆ ಕಾರು ನಾನು ಹುಟ್ಟುವ ಮೊದಲಿನದು. ಎರಡೇ ಸೀಟು. ಬಿಡಿಭಾಗ ಸಿಗುವುದಿಲ್ಲ, ಇಲಿ ವೈರು ಕಡಿಯುತ್ತದೆ, ಸ್ಪೀಡ್ ಬ್ರೇಕರ್ ಬಂದರೆ ಹೊಟ್ಟೆ ಉಜ್ಜುತ್ತದೆ. ಸಿನಿಮಾಕ್ಕೆ ಹೊರಟ ಸಂಜೆಗಳೆಲ್ಲ ಗ್ಯಾರೇಜಿನಲ್ಲಿ ಮುಗಿದಿವೆ. ಎಲ್ಲ ಸಹಿಸಿದ್ದೆ. ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆ, ಪೆಟ್ರೋಲಿನ ಪೈಪೊಂದನ್ನು ಬದಲಿಸು ಎಂದಷ್ಟೇ ಬೇಡಿಕೊಂಡಿದ್ದೆ. ಬದಲಿಸಿದೆ ಎಂದಿದ್ದ.

"ಬಾನೆಟ್ ತಗಿ."

"ಈಗ?"

"ಈಗ."

ತೆಗೆದ. ಬಿರುಕು ಬಿಟ್ಟ ಕಪ್ಪು ಪೈಪಿನ ಕೆಳಗೆ ಹನಿಯೊಂದು ತೂಗುತ್ತಿತ್ತು.

"ಹೊಸಾದು ಹಾಕೀನಿ ಅಂದಿದ್ದಿ."

"ತಂದೀನಿ, ಡಿಕ್ಕಿಯೊಳಗ ಅದ. ಹಾಕಿದ್ರ ಗಾಡಿ ಒರಿಜಿನಲ್ ಉಳಿಯೂದಿಲ್ಲ. ಹಳೇ ಗಾಡಿ ಪ್ರದರ್ಶನದಾಗ ಜಡ್ಜ್‌ಗೋಳು ಪೈಪ್ ಸೈತ ನೋಡ್ತಾರ."

"ಅವರು ನೋಡ್ತಾರ. ನಿಮ್ಮವ್ವ ಕಡ್ಡಿ ಗೀರೂದು ನೀ ನೋಡಲಿಲ್ಲ!"

"ಶೈಲಾ, ಅವ್ವನ ಮುಂದ ಹಿಂಗ..."

"ನನ್ನ ಹೆದರಿಕಿ ನಗಿಚಾಟಿಕಿ ಮಾಡೂಮುಂದ ಅವ್ವ ಇದ್ದಿದ್ದಿಲ್ಲೇನು? ಅಪ್ಪಗ ಫೋನ್ ಮಾಡ್ತೀನಿ, ಊಟಕ್ಕ ಬರೂದು ಬ್ಯಾಡಂತ. ಈ ಪೆಟ್ರೋಲ್ ವಾಸನ್ಯಾಗ ಬ್ಯಾಡ, ಹೊರಗ ಹೋಗಿ ಮಾಡ್ತೀನಿ."

ಕಾಕು ಮಗನತ್ತ ತಿರುಗಿದರು. "ಸುಳ್ಳ ಹೇಳಿದ್ದೇನೋ?"

"ಹೌದವ್ವಾ," ಎಂದ. ಅವನ ಕಣ್ಣಲ್ಲಿ ಆ ಹಾಳು ನಗೆ ಇರಲಿಲ್ಲ. "ತಪ್ಪು ನಂದs. ಮೊದಲ ಗಾಡಿ ಬಯಲಿಗೆ ಒಯ್ತೀನಿ."

ಒಳಗೆ ಕುಳಿತು ಕೀ ಹಾಕಿದ.

"ಕೀ ತಿರುವಬ್ಯಾಡ!"

ಎರಡೇ ಹೆಜ್ಜೆಗೆ ಬಾಗಿಲು ತಲುಪಿ, ಹೊಸ ಶರ್ಟಿನ ಕಾಲರ್ ಹಿಡಿದು ಅವನನ್ನು ಹೊರಗೆಳೆದೆ. ಒಂದು ಗುಂಡಿ ಹಾರಿತು.

"ಸುಟ್ಟ ಹೋಗ್ತಿದ್ದೆಲ್ಲೋ! ನೀ ಹೋದ್ರ ನಾ ಯಾರ ಜೋಡಿ ಜಗಳಾ ಆಡ್ಲಿ?"

ಮಾತು ಬಾಯಿಂದ ಬಿದ್ದ ಮೇಲೆ ಕೇಳಿಸಿತು. ಕಾಲರ್ ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಅವನ ಉಸಿರು ನನ್ನ ಹಣೆಗೆ ತಾಗುತ್ತಿತ್ತು.

"ಮುಂದೂ ಜಗಳಾ ಆಡಾಕಿ ಇದ್ದೀ ಏನು?" ಮೆಲ್ಲಗೆ ಕೇಳಿದ.

"ಸುಳ್ಳ ಹೇಳಿದ್ರ ಆಡೂದಿಲ್ಲ. ಎದ್ದು ಹೋಗ್ತೀನಿ."

"ಇನ್ನ ಹೇಳೂದಿಲ್ಲ."

"ದೂಡು ಗಾಡಿ."

ಸೀರೆಯ ನೆರಿಗೆ ಎತ್ತಿ ಕಟ್ಟಿ ನಾನೂ ಕೈ ಹಚ್ಚಿದೆ. ಕಾರು ಇಂಚಿಂಚಾಗಿ ಬಿಸಿಲಿಗೆ ಸರಿಯಿತು. ಅವನ ಭುಜ ನನ್ನ ಭುಜಕ್ಕೆ ಒತ್ತಿತ್ತು.

"ಇನ್ನೂ ಸಿಟ್ಟದ?"

"ಭಾಳ."

ಅವನು ಅಂಗಿಯ ತೋಳು ಮಡಚಿ, ಆ ಹಳೆಯ ಪೈಪನ್ನು ಬಿಚ್ಚಲು ಬಾಗಿದ. ಪೆಟ್ರೋಲು ಹೊಸ ಶರ್ಟಿನ ಮೇಲೆಲ್ಲ ಸುರಿಯಿತು. ನಾನು ಬೇಕಂತಲೇ ದೂರ, ಬೇವಿನ ಗಿಡದ ತನಕ ಹೋಗಿ ಫೋನ್ ಹಚ್ಚಿದೆ.

"ಅಪ್ಪಾ, ಊಟ ತಡಾ ಆಗ್ತದ. ಹುಡುಗ ಇನ್ನೊಮ್ಮೆ ಸ್ನಾನ ಮಾಡಬೇಕು. ನೀವು ಸಾವಕಾಶ ಬರ್ರಿ."