ನಗ್ಗಿದ ಪೆಟ್ಟಿಗೆಯ ಬೋರ್ಡು

ಪೆಟ್ಟಿಗೆಯನ್ನು ಆರಿಸಿಕೊಂಡದ್ದು ಅವನೇ. ಅವನಿಗೆ ಗಂಟಲಲ್ಲಿ ಇಳಿಯದೆ ಕೂತಿದ್ದ ಸಂಗತಿ ಅದೊಂದೇ.

ಅವನೂ ಅವನ ಭಾವಮೈದನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಂಡಿದ್ದರು. ಅಂಗಡಿಯವನು ಮದರ್‌ಬೋರ್ಡಿನ ಎರಡು ಪೆಟ್ಟಿಗೆಗಳನ್ನು ತಂದು ಗಾಜಿನ ಮೇಜಿನ ಮೇಲಿಟ್ಟ. ಒಂದೇ ಕಂಪನಿ, ಒಂದೇ ನಮೂನೆ. ಒಂದರ ಮೂಲೆ ಮಾತ್ರ ಸಾಗಣೆಯಲ್ಲಿ ನಗ್ಗಿತ್ತು. ವಯಸ್ಸಿನಲ್ಲಿ ಹಿರಿಯನೂ ಈ ವಿಷಯದಲ್ಲಿ ಬಲ್ಲವನೂ ಆಗಿದ್ದ ಅವನು ನೆಟ್ಟಗಿದ್ದ ಪೆಟ್ಟಿಗೆಯನ್ನು ಮೆಲ್ಲನೆ ತನ್ನ ಕಡೆ ಎಳೆದುಕೊಂಡು, ಹೆಂಡತಿಯ ತಮ್ಮನ ಭುಜ ತಟ್ಟಿ, “ಪೆಟ್ಟಿಗೆ ನೋಡ್ಬೇಡ. ಒಳಗಿರೋದು ಎರಡೂ ಒಂದೇ” ಎಂದಿದ್ದ.

ಒಂದೇ ಆಗಿರಲಿಲ್ಲ. ಗ್ಯಾರಂಟಿ ಮುಗಿಯುವವರೆಗೆ ಅವನ ಬೋರ್ಡು ಹೊಸ ಮನೆಗೆ ಬಂದ ನೆಂಟರ ಹಾಗೆ ನಡೆದುಕೊಂಡಿತು. ಆಮೇಲೆ ತನ್ನ ಬಣ್ಣ ತೋರಿಸಿತು. ಮದುವೆಯ ಆಲ್ಬಮ್ ಜೋಡಿಸುವುದು ಅವನ ಕಸುಬು. ಸ್ಟುಡಿಯೊದವರು ಕೊಟ್ಟ ಫೋಟೊಗಳನ್ನು ಮನೆಯಲ್ಲಿ ಕೂತು ಹಾಳೆ ಹಾಳೆಯಾಗಿ ಅಲಂಕರಿಸಬೇಕು. ಮದುಮಗಳ ಮುಖದ ಮೇಲಿನ ಬೆವರು ಒರೆಸಿ, ಚಿಕ್ಕಪ್ಪನ ಮುಚ್ಚಿದ ಕಣ್ಣಿಗೆ ಬೇರೆ ಫೋಟೊದಿಂದ ತೆರೆದ ಕಣ್ಣು ತಂದು ಕೂರಿಸಿ, ಇನ್ನೇನು ಉಳಿಸಬೇಕು ಅನ್ನುವಾಗ ಪರದೆ ಕಪ್ಪಾಗುತ್ತಿತ್ತು. ಕಂಪ್ಯೂಟರ್ ಏನೂ ಆಗೇ ಇಲ್ಲವೆಂಬಂತೆ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಚಿಕ್ಕಪ್ಪ ಮತ್ತೆ ಕಣ್ಣು ಮುಚ್ಚಿಕೊಂಡಿರುತ್ತಿದ್ದರು.

ಅವನು ಮಾಡದ ಉಪಚಾರವಿಲ್ಲ. ಮೆಮೊರಿಯ ಪಟ್ಟಿಗಳನ್ನು ಕಿತ್ತು ಅವುಗಳ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಒರೆಸುವ ರಬ್ಬರಿನಿಂದ ಉಜ್ಜಿದ. ಹೊಸ ಪವರ್ ಸಪ್ಲೈ ಹಾಕಿದ. ಬೋರ್ಡಿನ ಗುಂಡಿ ಬ್ಯಾಟರಿಯನ್ನು ಬದಲಿಸಿದ, ಮತ್ತೆ ಬದಲಿಸಿದ. ಬದಲಿಸಿದಾಗಲೆಲ್ಲ ಬೋರ್ಡು ತಾನು ಕಲಿತದ್ದನ್ನೆಲ್ಲ ಮರೆತು, ತಾರೀಕು ಯಾವುದು, ಗಂಟೆ ಎಷ್ಟು ಎಂದು ಅವನನ್ನೇ ಕೇಳುತ್ತಿತ್ತು. ಕೊನೆಗೆ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದ.

“ಎಲ್ಲೋ ಒಳಗಡೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ತಣ್ಣಗಿದ್ದಾಗ ಗೊತ್ತಾಗಲ್ಲ, ಬಿಸಿಯಾದ್ರೆ ಬಾಯಿ ಬಿಡುತ್ತೆ,” ಎಂದ ರಿಪೇರಿಯವನು. “ಈ ನಮೂನೆ ಈಗ ಬರ್ತಿಲ್ಲ ಸಾರ್. ಹೊಸ ಬೋರ್ಡ್ ಹಾಕಿದ್ರೆ ಅದಕ್ಕೆ ಹೊಂದೋ ಪ್ರೊಸೆಸರ್, ಮೆಮೊರಿ ಎಲ್ಲಾ ಹೊಸದಾಗಬೇಕು. ಇದೇ ಥರದ್ದು ಎಲ್ಲಾದ್ರೂ ಹಳೇದು ಸಿಕ್ರೆ ನಿಮ್ಮ ಅದೃಷ್ಟ.”

ಇದೇ ಥರದ್ದು ಎಲ್ಲಿದೆ ಎಂದು ಅವನಿಗೆ ಗೊತ್ತಿತ್ತು. ಅಷ್ಟರಲ್ಲಿ ಸ್ಟುಡಿಯೊ ಮಾಲೀಕ, ಮುಂದಿನ ಆಲ್ಬಮ್ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕೆಲಸ ಬೇರೆಯವರ ಪಾಲಾಗುತ್ತದೆ ಎಂದು ನಗುನಗುತ್ತಲೇ ಹೇಳಿ ಕಳಿಸಿದ್ದ.

ಭಾವಮೈದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಗ್ಗೆ ಹೋದರೆ ಕತ್ತಲಾದ ಮೇಲೆ ಬರುವುದು. ಮನೆಯಲ್ಲಿ ಅತ್ತೆ ಒಬ್ಬರೇ. ಅತ್ತೆಗೆ ಕಣ್ಣು ಮಂಜಾಗಿ, ಬೆಳಕು ನೆರಳು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಅವರಿಗೆ ಪತ್ರಿಕೆ ಓದುವ ಹುಚ್ಚು ಇತ್ತು. ಕಣ್ಣು ಹೋದರೂ ಅದು ಹೋಗಿರಲಿಲ್ಲ. ಅದಕ್ಕೆಂದೇ ಮಗ ಒಂದು ಏರ್ಪಾಡು ಮಾಡಿದ್ದ. ಸಂಜೆ ಐದಾಗುತ್ತಲೇ ಕಂಪ್ಯೂಟರ್ ‘ಕೀಂ’ ಎಂದು ಒಮ್ಮೆ ಕೂಗಿ, ಯಾರೂ ಮುಟ್ಟದೆ ತಾನೇ ಶುರುವಾಗುತ್ತಿತ್ತು. ಆಮೇಲೆ ಮೂಗು ಕಟ್ಟಿದ ಹೆಂಗಸಿನಂಥ ದನಿಯಲ್ಲಿ ಆ ದಿನದ ಸುದ್ದಿಯನ್ನು ಓದುತ್ತಿತ್ತು. ಅತ್ತೆ ಕಣ್ಣಿಗೆ ಔಷಧಿಯ ಹನಿ ಬಿಟ್ಟುಕೊಳ್ಳುತ್ತಿದ್ದದ್ದೂ ಆ ಕೂಗು ಕೇಳಿದ ಮೇಲೆಯೇ.

ಹಿಂದೊಮ್ಮೆ ಅವನು ಅಲ್ಲಿಗೆ ಹೋಗಿದ್ದಾಗ ಅದು ನಡೆದಿತ್ತು. “ಬಂದ್ಳು ನೋಡಿ ನನ್ನ ಗೆಳತಿ,” ಎಂದು ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡಿದ್ದರು. “ಬೆಲೆ ಏರಿಕೆ ಅಂತ ಓದೋವಾಗ್ಲೂ ಇವಳ ದನಿಯಲ್ಲಿ ಒಂಚೂರು ದುಃಖ ಇಲ್ಲ. ಅವಳಪ್ಪನ ಮನೆ ಗಂಟೇನು ಹೋಗುತ್ತೆ!”

ಅಂದು ರಜೆಯಲ್ಲಿದ್ದ ಭಾವಮೈದ ಹಿಗ್ಗಿ ಹೇಳತೊಡಗಿದ್ದ. “ಹೊತ್ತಿಗೆ ಸರಿಯಾಗಿ ತಾನೇ ಏಳುತ್ತೆ ಭಾವ. ಅದನ್ನ ಹೇಗೆ ಮಾಡ್ದೆ ಅಂದ್ರೆ, ಆನ್ ಆಗೋವಾಗ ಒಂದು ಕೀ ಒತ್ತಿದ್ರೆ...”

“ಗೊತ್ತು ಬಿಡಪ್ಪ. ಅದೊಂದು ಚಿಕ್ಕ ಪ್ರೋಗ್ರಾಮು,” ಎಂದು ಅವನು ಕೈಯಾಡಿಸಿಬಿಟ್ಟ. ಕಂಪ್ಯೂಟರಿನ ವಿಷಯವನ್ನು ಬೇರೆಯವರಿಂದ ಹೇಳಿಸಿಕೊಳ್ಳುವುದು ಅವನಿಗೆ ಆಗಿಬರುತ್ತಿರಲಿಲ್ಲ.

“ಭಾವಂಗೇ ಪಾಠ ಹೇಳೋಕೆ ಹೋಗ್ತೀಯಲ್ಲೋ,” ಎಂದು ಅತ್ತೆಯೂ ನಕ್ಕಿದ್ದರು. ಮಾತು ಅಲ್ಲಿಗೆ ನಿಂತಿತ್ತು.

ಈಗ ಅವನಿಗೆ ಅದೆಲ್ಲ ನೆನಪಾಯಿತು. ನಗ್ಗಿದ ಪೆಟ್ಟಿಗೆಯಿಂದ ಬಂದ ಆ ಚಿನ್ನದಂಥ ಬೋರ್ಡಿಗೆ ಇರುವ ಕೆಲಸ ದಿನಕ್ಕೆ ಒಂದಿಷ್ಟು ಹೊತ್ತು ಪತ್ರಿಕೆ ಓದುವುದು. ತನ್ನ ಬೋರ್ಡು ಒಂದು ಸಂಸಾರವನ್ನೇ ಹೊರಬೇಕು. ಕದಿಯುವುದು ಎಂಬ ಮಾತನ್ನು ಅವನು ಮನಸ್ಸಿನಲ್ಲೂ ಆಡಲಿಲ್ಲ. ಅಂಗಡಿಯ ಮೇಜಿನ ಮೇಲೆ ಆದ ತಪ್ಪನ್ನು ಸರಿಪಡಿಸುವುದು, ಅಷ್ಟೇ. ಎರಡೂ ಒಂದೇ ಎಂದು ಅಂದೇ ಹೇಳಿರಲಿಲ್ಲವೇ?

ಯೋಜನೆಯ ಚೆಂದವೇನೆಂದರೆ ಅದರಲ್ಲಿ ಬಚ್ಚಿಡುವಂಥದ್ದೇ ಇರಲಿಲ್ಲ. ಬಾಗಿಲು ಒಡೆಯಬೇಕಿಲ್ಲ, ಕತ್ತಲಿಗೆ ಕಾಯಬೇಕಿಲ್ಲ. ಭಾವಮೈದನಿಗೆ ರಜೆಯಿದ್ದ ದಿನ ಹಾಡಹಗಲೇ ಅವನ ಮನೆಗೆ ಹೋಗಿ, ಕಂಪ್ಯೂಟರಿನ ಪಕ್ಕಕ್ಕೆ ಕಿವಿಯಿಟ್ಟು, ವೈದ್ಯರ ಹಾಗೆ ಹುಬ್ಬು ಗಂಟಿಕ್ಕಿದ. “ಫ್ಯಾನ್ ಉಬ್ಬಸ ಪಡ್ತಿದೆ. ಒಳಗೆ ಧೂಳು ತುಂಬಿರಬೇಕು. ನಾನೇ ತಗೊಂಡ್ಹೋಗಿ ಶುಚಿ ಮಾಡಿ ತಂದ್ಕೊಡ್ತೀನಿ.”

“ನಿಮಗ್ಯಾಕೆ ತೊಂದ್ರೆ ಭಾವ?” ಎನ್ನುತ್ತಲೇ ಭಾವಮೈದ ಅದನ್ನು ಆಟೊದವರೆಗೆ ತಾನೇ ಹೊತ್ತು ತಂದ. ತಲೆ ಬಗ್ಗಿಸಿ ಜೋಪಾನವಾಗಿ ಸೀಟಿನ ಮೇಲಿಟ್ಟ. ಅತ್ತೆ ಬಾಗಿಲಲ್ಲಿ ನಿಂತು, “ಬೇಗ ಕಳಿಸಿಬಿಡಿ ಅಳಿಯಂದಿರೇ, ಅವಳಿಲ್ದಿದ್ರೆ ಸಂಜೆ ಕಳೆಯೋದು ಕಷ್ಟ” ಎಂದರು.

ಹೆಂಡತಿ ಪಾಠ ಹೇಳಲು ಶಾಲೆಗೆ ಹೋಗಿದ್ದಳು. ಮನೆ ನಿಶ್ಶಬ್ದವಾಗಿತ್ತು. ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಎರಡು ಡಬ್ಬಗಳನ್ನೂ ಪಕ್ಕಪಕ್ಕದಲ್ಲಿ ಮಲಗಿಸಿ, ಅವುಗಳ ಪಕ್ಕದ ತಗಡು ತೆಗೆದ. ಬಿಚ್ಚಿದ ತಿರುಪುಗಳನ್ನು ಎರಡು ಬೇರೆ ಬೇರೆ ಬಟ್ಟಲುಗಳಲ್ಲಿ ಹಾಕಿದ. ಈ ವಿಷಯದಲ್ಲಿ ಅವನು ಬಹಳ ಪ್ರಾಮಾಣಿಕ. ಕೈಯಿಂದ ಬಿಚ್ಚಿಬರುವುದೆಲ್ಲ ಅವರವರಿಗೇ ಸೇರಬೇಕು ಎಂದು ಮೊದಲೇ ಒಂದು ನಿಯಮ ಹಾಕಿಕೊಂಡಿದ್ದ. ಮೆಮೊರಿ ಅವರವರದು, ಡಿಸ್ಕ್ ಅವರವರದು, ತಂತಿಗಳೂ ಅವರವರವು. ಬೋರ್ಡುಗಳು ಮಾತ್ರ ಅದಲುಬದಲು. ಪ್ರೊಸೆಸರ್ ಮತ್ತು ಅದರ ಫ್ಯಾನು ಬೋರ್ಡಿಗೆ ಅಂಟಿಕೊಂಡಿದ್ದವು. ಎರಡರಲ್ಲೂ ಅವು ಒಂದೇ ಆದ್ದರಿಂದ ಅದರಲ್ಲಿ ಅನ್ಯಾಯವೇನಿಲ್ಲ ಎಂದುಕೊಂಡ.

ಯಾವ ಬೋರ್ಡು ಯಾರದೆಂದು ಹೇಳಿಬಿಡಬಹುದಾದ, ಅಂಚಿನಲ್ಲಿದ್ದ ಸಂಖ್ಯೆಯ ಚೀಟಿಗಳನ್ನೂ ಮರೆಯಲಿಲ್ಲ. ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿ, ಚೂರೂ ಹರಿಯದಂತೆ ಎಬ್ಬಿಸಿ, ಒಂದರದ್ದನ್ನು ಇನ್ನೊಂದಕ್ಕೆ ಅಂಟಿಸಿದ. ಧೂಳಿನ ಗೆರೆ ಎಲ್ಲಿತ್ತು, ಎಲ್ಲಿಲ್ಲ ಎಂಬ ತಲೆನೋವೂ ಇರಲಿಲ್ಲ. ಶುಚಿ ಮಾಡಲೆಂದೇ ತಂದದ್ದಲ್ಲವೇ! ಕುಂಚದಿಂದ ಮೂಲೆಮೂಲೆಯನ್ನೂ ಗುಡಿಸಿದ. ಅಷ್ಟು ಚೊಕ್ಕಟವಾಗಿ ಅವನು ತನ್ನ ಸ್ವಂತ ಕಂಪ್ಯೂಟರನ್ನೂ ಎಂದೂ ಒರೆಸಿರಲಿಲ್ಲ.

ಕೊನೆಗೆ ಉಳಿದದ್ದು ಗುಂಡಿ ಬ್ಯಾಟರಿ. ಅದು ಉಗುರು ತಾಗಿಸಿದರೆ ಎದ್ದುಬರುವ ವಸ್ತು. ನಿಯಮದ ಪ್ರಕಾರ ಅದೂ ಅವರವರಿಗೇ ಹೋಗಬೇಕು. ಬೆರಳು ಅದರ ಹತ್ತಿರ ಹೋಯಿತು, ನಿಂತಿತು. ಒಳ್ಳೆಯ ಬೋರ್ಡು, ಇಷ್ಟು ಕಾಲ ಒಂದು ದಿನವೂ ಹಟ ಮಾಡದ ಬೋರ್ಡು. ಹಾಯಾಗಿ ಮಲಗಿರುವ ಕೂಸನ್ನು ಯಾಕೆ ಮುಟ್ಟಿ ಎಬ್ಬಿಸಬೇಕು? ಹೇಗಿದೆಯೋ ಹಾಗೇ ಬರಲಿ ಎಂದು ಕೈ ಹಿಂದಕ್ಕೆಳೆದುಕೊಂಡ.

ಕತ್ತಲಾದ ಮೇಲೆ ಹಿಂದಿರುಗಿಸಲು ಹೋದಾಗ ತಣ್ಣಗಿದ್ದ ಬಿರುಕು ತುಟಿಪಿಟಕ್ಕೆನ್ನಲಿಲ್ಲ. ಭಾವಮೈದ ಗುಂಡಿ ಒತ್ತಿದ, ಯಂತ್ರ ಮೆತ್ತಗೆ ಎದ್ದಿತು. “ಅಬ್ಬಾ, ಸದ್ದೇ ಇಲ್ವಲ್ಲ ಭಾವ!” ಎಂದು ಬೆರಗಾದ. ಅತ್ತೆ ಚಹಾ ಮಾಡಿಸಿ ಕೊಟ್ಟರು. ಅವನು ಕುಡಿದ.

ಮನೆಯಲ್ಲಿ ಕೆಲಸ ಹೂವೆತ್ತಿದಂತೆ ಸಾಗಿತು. ಬೆಳಗ್ಗೆ ಕೂತರೆ ರಾತ್ರಿಯವರೆಗೆ ಕಂಪ್ಯೂಟರ್ ಒಮ್ಮೆಯೂ ತಡವರಿಸಲಿಲ್ಲ. ಆಲ್ಬಮ್ ಹೇಳಿದ ಹೊತ್ತಿಗೆ ಹೋಯಿತು, ಅದರ ಬೆನ್ನಿಗೇ ಇನ್ನೊಂದು ಬಂತು. ಚಿಕ್ಕಪ್ಪಂದಿರೆಲ್ಲ ಕಣ್ಣು ತೆರೆದರು.

ಭಾವಮೈದನ ಫೋನು ಬಂದಾಗ ಅವನು ಉತ್ತರವನ್ನು ಸಿದ್ಧವಾಗಿಟ್ಟುಕೊಂಡಿದ್ದ.

“ಭಾವ, ಓದ್ತಾ ಓದ್ತಾ ನಿಂತುಬಿಡುತ್ತೆ. ಮತ್ತೆ ಮೊದಲಿಂದ ಶುರುವಾಗುತ್ತೆ.”

“ವಯಸ್ಸಾಯ್ತಲ್ಲಪ್ಪ ಅದಕ್ಕೂ. ನನ್ನದೂ ಹಾಗೇ ಮಾಡ್ತಿತ್ತು, ನಿನಗೆ ಗೊತ್ತಲ್ಲ.”

“ಮತ್ತೆ ಸಂಜೆ ತಾನಾಗೇ ಏಳ್ತಾನೂ ಇಲ್ಲ. ಅಮ್ಮ ಸುಮ್ನೆ ಅದರ ಮುಂದೆ ಕೂತಿರ್ತಾಳೆ. ನಾನು ಬರೋವರೆಗೂ ಕೂತೇ ಇರ್ತಾಳೆ.”

ಬೆಳಕಿಲ್ಲದ ಪರದೆಯ ಮುಂದೆ, ಕೈಯಲ್ಲಿ ಔಷಧಿಯ ಶೀಶೆ ಹಿಡಿದು ಕೂತ ಅತ್ತೆ ಅವನ ಕಣ್ಣ ಮುಂದೆ ಬಂದರು. ಆದರೆ ಅವನ ತಿಳಿವಳಿಕೆ ಬೇಗನೆ ಅವನ ಸಹಾಯಕ್ಕೆ ಬಂತು. ಏಳುವ ಪ್ರೋಗ್ರಾಮು ಇರುವುದು ಡಿಸ್ಕಿನಲ್ಲಿ. ಡಿಸ್ಕನ್ನು ತಾನು ಮುಟ್ಟಿಯೇ ಇಲ್ಲ. ಮತ್ತೆ ಮತ್ತೆ ನಿಂತು ಶುರುವಾಗಿ ಅದು ಕೆಟ್ಟಿರಬೇಕು. ಹಾಗಿದ್ದರೆ ಆ ಪಾಪ ತನ್ನದಲ್ಲ, ಬಿರುಕಿನದು.

“ಪ್ರೋಗ್ರಾಮ್ ಕೆಟ್ಟಿರಬೇಕು. ಬಿಡುವಾದಾಗ ತಗೊಂಡು ಬಾ, ನೋಡೋಣ,” ಎಂದ.

ಅವನ ಹೆಂಡತಿಗೆ ತಾಯಿಯ ಸಂಕಟ ಸಹಿಸಲಾಗಲಿಲ್ಲ. “ಅಮ್ಮ ಕೊಂಚ ದಿನ ಇಲ್ಲಿರ್ಲಿ ರೀ. ನಾನಾದ್ರೂ ಓದಿ ಹೇಳ್ತೀನಿ,” ಎಂದಳು. ಅವನು ಎರಡನೆಯ ಮಾತಿಲ್ಲದೆ ಒಪ್ಪಿದ. ಅತ್ತೆಯನ್ನು ಚೆನ್ನಾಗಿ ನೋಡಿಕೊಂಡರೆ ಲೆಕ್ಕ ಸರಿಹೋಗುತ್ತದೆ ಎಂದು ಅವನ ಒಳಮನಸ್ಸು ಹೇಳಿತು.

ಭಾವಮೈದನ ರಜೆಯ ದಿನ ಇಬ್ಬರೂ ಬಂದರು. ಅತ್ತೆಯ ಕೈಯಲ್ಲಿ ಬಟ್ಟೆಯ ಚೀಲ, ಮಗನ ಹೆಗಲ ಮೇಲೆ ಆ ರೋಗಿಷ್ಟ ಡಬ್ಬ. ಬೋರ್ಡು ಬದಲಾದಂದಿನಿಂದ ಅವನು ಹಗಲು ಹೊತ್ತಿನಲ್ಲಿ ಕೆಲಸ ಬಿಟ್ಟು ಎದ್ದವನಲ್ಲ. ಊಟವನ್ನೂ ಕಂಪ್ಯೂಟರಿನ ಮುಂದೆಯೇ ಮುಗಿಸುತ್ತಿದ್ದ. ಅಂದು ಮಾತ್ರ ನೆಂಟರ ಮರ್ಯಾದೆಗೆಂದು ಮಧ್ಯಾಹ್ನವೇ ಅದನ್ನು ಬಂದ್ ಮಾಡಿ, ಮೇಲೊಂದು ಟವೆಲ್ ಹೊದಿಸಿ, ಎಲ್ಲರ ಜೊತೆ ಹಜಾರದಲ್ಲಿ ಬಂದು ಕೂತ.

ಚಹಾ ಬಂತು. ಅವನು ಸೋಫಾಕ್ಕೆ ಒರಗಿ, ಕಾಲ ಬಳಿ ಇಟ್ಟಿದ್ದ ಡಬ್ಬವನ್ನು ನೋಡಿ ನಿಟ್ಟುಸಿರು ಬಿಟ್ಟ. “ಬೋರ್ಡ್ ಹೋಗಿದೆ ಕಣೋ. ಇದಕ್ಕೆ ಔಷಧಿ ಇಲ್ಲ.”

“ನಿಮ್ಮದು ಹೇಗೆ ಸರಿಹೋಯ್ತು ಭಾವ? ಅದೂ ಇದೇ ಥರ ಆಡ್ತಿತ್ತಲ್ಲ?”

“ತಾಳ್ಮೆ ಬೇಕಪ್ಪ. ಹಗಲೂ ರಾತ್ರಿ ಅದರ ಬೆನ್ನು ಬಿದ್ದು ದಾರಿಗೆ ತಂದೆ.”

“ಅವರ ಕೈಗುಣ,” ಎಂದರು ಅತ್ತೆ. ಹೆಂಡತಿ ಅವನತ್ತ ಅಭಿಮಾನದಿಂದ ನೋಡಿದಳು. “ಪೆಟ್ಟಿಗೆ ನಗ್ಗಿದಾಗಲೇ ಒಳಗೆ ಪೆಟ್ಟು ಬಿದ್ದಿರಬೇಕು. ಅಂದೇ ನನಗೆ ಅನುಮಾನವಿತ್ತು,” ಎಂದು ಅವನು ಇನ್ನೂ ಒಂದು ಮಾತು ಸೇರಿಸಿದ. ಆ ಮಾತು ಅವನಿಗೇ ಬಹಳ ಹಿಡಿಸಿತು.

ಆಗಲೇ ಒಳಕೋಣೆಯಲ್ಲಿ ‘ಕೀಂ’ ಎಂದಿತು. ಟವೆಲಿನ ಕೆಳಗೆ ಫ್ಯಾನು ಗುಂಯ್‌ಗುಟ್ಟಿ, ಪರದೆಯ ಬೆಳಕು ಬಾಗಿಲಾಚೆಗೂ ಬಿದ್ದಿತು. ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಭಾವಮೈದ ಸರಿಯಾಗಿ ಐದು ತೋರಿಸುತ್ತಿದ್ದ ಗೋಡೆಯ ಗಡಿಯಾರ ನೋಡಿದ, ಕಾಲ ಬಳಿಯ ತನ್ನ ಡಬ್ಬವನ್ನು ನೋಡಿದ, ಆಮೇಲೆ ಭಾವನ ಮುಖ ನೋಡಿದ. “ಏಳೋ ಹೊತ್ತನ್ನ ನಾನು ಡಿಸ್ಕಲ್ಲಿ ಇಟ್ಟಿರ್ಲಿಲ್ಲ ಭಾವ, ಬೋರ್ಡಲ್ಲೇ ಇಟ್ಟಿದ್ದೆ. ಅವತ್ತು ಹೇಳೋಕೆ ಬಂದೆ, ನೀವು ಕೇಳ್ಲಿಲ್ಲ,” ಎಂದ ಮೆಲ್ಲಗೆ. ಉಗುರು ತಾಗಿಸಿ ಆ ಗುಂಡಿ ಬ್ಯಾಟರಿಯನ್ನು ಒಂದು ಸಲ ಎಬ್ಬಿಸಿದ್ದರೆ ಸಾಕಿತ್ತು, ಬೋರ್ಡು ಎಲ್ಲವನ್ನೂ ಮರೆಯುತ್ತಿತ್ತು. ಹೆಂಡತಿಯ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅತ್ತೆ ಮಾತ್ರ ಮುಖ ಅರಳಿಸಿಕೊಂಡು, ಚೀಲದೊಳಗೆ ಕೈ ಹಾಕಿ ಔಷಧಿಯ ಶೀಶೆ ತಡಕುತ್ತ, ಬೆಳಕು ಬಂದ ಕಡೆಗೆ ತಿರುಗಿ ಕೇಳಿದರು: “ಅಯ್ಯೋ, ನನ್ನ ಗೆಳತಿ ಇಲ್ಲಿದ್ದಾಳೇನು ಅಳಿಯಂದಿರೇ? ಮೊದಲೇ ಹೇಳೋದಲ್ವಾ, ನಾನು ಅಲ್ಲಿ ದಿನಾ ಕಾಯ್ತಾ ಕೂತಿದ್ನಲ್ಲ.”